ಎತ್ತಿದರೆ ಉದ್ದ ಸಾಲದ ಶಾಫ್ಟು

ತುಂಗಭದ್ರಾ ಎಡದಂಡೆ ಕಾಲುವೆಗೆ ಮುಂಗಾರಿನ ನೀರು ಬಿಟ್ಟರೆ ಸಾಕು, ಗಂಗಾವತಿ ಸುತ್ತಿನ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳಿಗೆ ಹಗಲು ರಾತ್ರಿ ಬಿಡುವಿರುವುದಿಲ್ಲ. ಬೆನ್ನಿಗೆ ರೋಟವೇಟರ್ ಕಟ್ಟಿಕೊಂಡು, ನಿಂತ ನೀರಿನಲ್ಲಿ ಮಣ್ಣನ್ನು ಕೆಸರು ಮಾಡುತ್ತ ಅವು ಓಡಾಡುತ್ತಿರುತ್ತವೆ. ಬದು ಬಂದಾಗ ಚಾಲಕ ಪಕ್ಕದ ಸಣ್ಣ ಹಿಡಿಕೆಯನ್ನು ಎಳೆಯುತ್ತಾನೆ, ರೋಟವೇಟರ್ ಮೇಲಕ್ಕೇಳುತ್ತದೆ. ಆಗ ಒಮ್ಮೊಮ್ಮೆ ಕಟಕಟ ಸದ್ದು ಕೇಳಿಸುತ್ತದೆ. ಚಾಲಕ ಅದಕ್ಕೆ ಒಗ್ಗಿಹೋಗಿದ್ದಾನೆ. ಬುತ್ತಿ ತಂದು ಬದುವಿನ ಮೇಲೆ ನಿಂತ ಶಾಲೆಯ ಹುಡುಗನಿಗೆ ಮಾತ್ರ ಆ ಸದ್ದು ಎಲ್ಲಿಂದ ಬಂತೆಂಬ ಕುತೂಹಲ.

ಸದ್ದು ಬರುವುದು ಟ್ರ್ಯಾಕ್ಟರಿಗೂ ರೋಟವೇಟರಿಗೂ ನಡುವೆ ತಿರುಗುವ ದಂಡದಿಂದ. ಇದಕ್ಕೆ ಪಿ.ಟಿ.ಓ. ಶಾಫ್ಟು ಎನ್ನುತ್ತಾರೆ. ಲಾರಿ, ಜೀಪುಗಳ ಹೊಟ್ಟೆಯ ಕೆಳಗೆ ಗೇರ್ ಪೆಟ್ಟಿಗೆಯಿಂದ ಹಿಂದಿನ ಆಕ್ಸಲ್ಲಿಗೆ ಓಡುವ ಪ್ರೊಪೆಲ್ಲರ್ ಶಾಫ್ಟು ಇದರ ಒಡಹುಟ್ಟು. ಇಬ್ಬರ ಕಷ್ಟವೂ ಒಂದೇ. ಶಕ್ತಿ ಕೊಡುವ ತುದಿ ಒಂದು ಎತ್ತರದಲ್ಲಿ, ಅದನ್ನು ಪಡೆಯುವ ತುದಿ ಇನ್ನೊಂದು ಎತ್ತರದಲ್ಲಿ. ಆ ವ್ಯತ್ಯಾಸ ಗಳಿಗೆಗೊಮ್ಮೆ ಬದಲಾಗುತ್ತದೆ. ಎತ್ತರ ಬದಲಾದಾಗ ಶಾಫ್ಟಿನ ಉದ್ದವೂ ಬದಲಾಗಬೇಕು. ಕಬ್ಬಿಣವೋ ರಬ್ಬರಿನಂತೆ ಹಿಗ್ಗುವುದಲ್ಲ. ಹಾಗಾಗಿ ಶಾಫ್ಟನ್ನು ಎರಡು ತುಂಡಾಗಿ ಮಾಡಿ, ಒಂದರೊಳಗೊಂದು ಜಾರುವಂತೆ ಕೂರಿಸಿರುತ್ತಾರೆ. ಎಷ್ಟು ಜಾರಬೇಕು ಎಂಬುದೇ ಪ್ರಶ್ನೆ.

ಇದಕ್ಕೆ ಪ್ರೌಢಶಾಲೆಯ ಪೈಥಾಗೊರಸ್ ಪ್ರಮೇಯ ಸಾಕು. ಯಲಬುರ್ಗಾದ ಎರೆ ಹೊಲದ ದಾರಿಯಲ್ಲಿ ಮಳೆಗಾಲದಲ್ಲೂ ಓಡಬೇಕೆಂದು ಒಬ್ಬರು ತಮ್ಮ ಹಳೆಯ ಜೀಪಿನ ಕಮಾನು ಪಟ್ಟಿಗಳನ್ನು ಬದಲಿಸಿ ಅದರ ಮೈಯನ್ನು ಎತ್ತರಿಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಬಹುದು. ಗೇರ್ ಪೆಟ್ಟಿಗೆಯ ತುದಿಯಿಂದ ಆಕ್ಸಲ್ಲಿಗೆ ನೆಲಕ್ಕೆ ಸಮನಾಗಿ ಅಳೆದ ದೂರ 80 ಸೆಂ.ಮೀ., ಎತ್ತರದ ವ್ಯತ್ಯಾಸ 20 ಸೆಂ.ಮೀ. ಶಾಫ್ಟು ಈ ತ್ರಿಕೋನದ ಕರ್ಣ. 6400ಕ್ಕೆ 400 ಕೂಡಿ ವರ್ಗಮೂಲ ತೆಗೆದರೆ 82.5 ಸೆಂ.ಮೀ. ಬರುತ್ತದೆ. ಮೈಯನ್ನು ಇನ್ನೂ 10 ಸೆಂ.ಮೀ. ಎತ್ತಿದರೆ 6400ಕ್ಕೆ 900 ಕೂಡಬೇಕು, ವರ್ಗಮೂಲ 85.4. ಅಂದರೆ 10 ಸೆಂ.ಮೀ. ಎತ್ತಿದ್ದಕ್ಕೆ ಶಾಫ್ಟು ಸುಮಾರು 3 ಸೆಂ.ಮೀ. ಉದ್ದವಾಗಬೇಕು.

ಸ್ವಾರಸ್ಯ ಇರುವುದು ಮುಂದೆ. ಎರಡು ತುದಿಗಳೂ ಒಂದೇ ಮಟ್ಟದಲ್ಲಿದ್ದಾಗ 10 ಸೆಂ.ಮೀ. ಎತ್ತಿದ್ದರೆ ಉದ್ದ ಹೆಚ್ಚುತ್ತಿದ್ದದ್ದು ಬರೀ 0.6 ಸೆಂ.ಮೀ. ಎರಡನೆಯ 10 ಸೆಂ.ಮೀ.ಗೆ 1.8, ಮೂರನೆಯ 10 ಸೆಂ.ಮೀ.ಗೆ 3. ಎತ್ತಿದ್ದು ಪ್ರತಿ ಸಲವೂ ಅಷ್ಟೇ, ಬೇಕಾದ ಉದ್ದ ಮಾತ್ರ ಏರುತ್ತ ಹೋಗುತ್ತದೆ. "ಹೋದ ಸಲ ಎತ್ತಿದಾಗ ಏನೂ ಆಗಲಿಲ್ಲ" ಎಂಬ ಧೈರ್ಯದಲ್ಲಿ ಎರಡನೆಯ ಸಲ ಎತ್ತಿಸುವವರು ಎಡವುವುದು ಇಲ್ಲೇ. ಶಾಫ್ಟು ಉದ್ದವಿದ್ದಷ್ಟೂ ಈ ತೊಂದರೆ ಕಡಿಮೆ. ಅದೇ 80 ಸೆಂ.ಮೀ. ಬದಲು 150 ಇದ್ದಿದ್ದರೆ ಕೊನೆಯ 10 ಸೆಂ.ಮೀ.ಗೆ ಬೇಕಾಗುತ್ತಿದ್ದದ್ದು 1.6 ಸೆಂ.ಮೀ. ಮಾತ್ರ. ಗಿಡ್ಡ ಜೀಪಿಗೆ ಕಾಟ ಹೆಚ್ಚು.

ಇನ್ನೊಂದು ಮಾತು. ದೊಡ್ಡ ಟೈರು ಹಾಕಿದರೆ ಆಕ್ಸಲ್ಲೂ ಮೈಯೂ ಒಟ್ಟಿಗೇ ಮೇಲೇಳುತ್ತವೆ, ತ್ರಿಕೋನ ಬದಲಾಗುವುದಿಲ್ಲ, ಶಾಫ್ಟಿಗೆ ಏನೂ ಆಗುವುದಿಲ್ಲ. ಕಮಾನು ಪಟ್ಟಿ ಬದಲಿಸಿದರೆ ಮೇಲೇಳುವುದು ಮೈ ಮಾತ್ರ. ಕೆಸರಿಗೆ, ಕಲ್ಲಿಗೆ ಮೊದಲು ತಗಲುವುದೋ ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಷಿಯಲ್. ಅದು ಇದ್ದಲ್ಲೇ ಇರುತ್ತದೆ! ಎರೆ ಮಣ್ಣಿಗಾಗಿ ಪಟ್ಟಿ ಏರಿಸಿದವರಿಗೆ ನೋಡುವವರ ಮೆಚ್ಚುಗೆಯ ಹೊರತು ಸಿಗುವ ಲಾಭ ಕಡಿಮೆ. ಕಾನೂನಿನ ಮಾತೂ ಇದೆ. ನೋಂದಣಿ ಪತ್ರದಲ್ಲಿರುವ, ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಸ್ಪಷ್ಟಪಡಿಸಿತು.

ಇಷ್ಟಕ್ಕೂ ಏರಿಳಿತ ಎತ್ತರಿಸಿದ ಜೀಪಿಗೆ ಮಾತ್ರ ಬಂದದ್ದಲ್ಲ. ಗಂಗಾವತಿಯ ಅಕ್ಕಿ ಗಿರಣಿಯ ಮುಂದೆ ಭತ್ತದ ಚೀಲ ಇಳಿಸುತ್ತಿರುವ ಲಾರಿಯನ್ನು ಗಮನಿಸಿದರೆ, ಚೀಲ ಖಾಲಿಯಾದಂತೆ ಮೈ ನಿಧಾನವಾಗಿ ಮೇಲೇಳುವುದು ಕಾಣುತ್ತದೆ. ಆ ಹೊತ್ತಿನಲ್ಲಿ ಶಾಫ್ಟಿನ ಒಳತುಂಡು ಸದ್ದಿಲ್ಲದೆ ಹೊರಕ್ಕೆ ಜಾರಿರುತ್ತದೆ. ಲಾರಿ ತಯಾರಿಸಿದವರು ಅಷ್ಟು ಜಾರುವುದಕ್ಕೆ ಜಾಗ ಬಿಟ್ಟೇ ಇರುತ್ತಾರೆ.

ಟ್ರ್ಯಾಕ್ಟರಿನ ವಿಷಯದಲ್ಲಿ ಹಾಗಲ್ಲ. ಟ್ರ್ಯಾಕ್ಟರ್ ಒಂದು ಕಂಪನಿಯದು, ರೋಟವೇಟರ್ ಇನ್ನೊಂದರದು, ಶಾಫ್ಟು ಪಕ್ಕದ ಹೊಲದವರಿಂದ ಎರವಲು ತಂದದ್ದು. ಕುಷ್ಟಗಿ, ಕೊಪ್ಪಳದ ಕಡೆ ಒಂದೇ ಟ್ರ್ಯಾಕ್ಟರಿಗೆ ಬೆಳಿಗ್ಗೆ ರೋಟವೇಟರ್, ಸಂಜೆ ರಾಶಿ ಮಷಿನ್. ಹಲ್ಲು ಕೂತಿತೆಂದರೆ ಶಾಫ್ಟೂ ಸರಿಯಾಯಿತೆಂದೇ ಹೆಚ್ಚಿನವರ ಲೆಕ್ಕ. ಹಲ್ಲು ಕೂರುವುದಕ್ಕೂ ಉದ್ದಕ್ಕೂ ಸಂಬಂಧವೇ ಇಲ್ಲ.

ಉದ್ದ ಹೆಚ್ಚಾದರೆ, ಎರಡು ತುದಿಗಳು ಹತ್ತಿರ ಬಂದಾಗ ಒಳಕೊಳವೆ ಹೊರಕೊಳವೆಯ ತಳಕ್ಕೆ ಗುದ್ದುತ್ತದೆ. ಜಾರಲು ಜಾಗವಿಲ್ಲದ ಶಾಫ್ಟು ಆಗ ಗೂಟದಂತೆ ಒಂದು ಕಡೆ ಟ್ರ್ಯಾಕ್ಟರಿನ ಬೇರಿಂಗನ್ನೂ ಇನ್ನೊಂದು ಕಡೆ ರೋಟವೇಟರಿನ ಗೇರ್ ಪೆಟ್ಟಿಗೆಯನ್ನೂ ಒತ್ತುತ್ತದೆ. ಒಡೆದರೆ ದುಡ್ಡು ಹೋಯಿತು, ನಾಟಿಯ ದಿನವೂ ಹೋಯಿತು. ಉದ್ದ ಕಡಿಮೆಯಾದರೆ ಇನ್ನೂ ಕೆಟ್ಟದ್ದು. ಎರಡು ಕೊಳವೆಗಳು ಒಂದರೊಳಗೊಂದು ತುಸುವೇ ಹೊಕ್ಕಿರುತ್ತವೆ. ಮೇಲೆತ್ತಿದಾಗಲೋ ತಗ್ಗಿಗೆ ಇಳಿದಾಗಲೋ ಅವು ಕಳಚಿಕೊಂಡರೆ, ಟ್ರ್ಯಾಕ್ಟರಿನ ಕಡೆಯ ತುಂಡು ತಿರುಗುತ್ತಲೇ ಇದ್ದು ಸಿಕ್ಕಿದ್ದನ್ನು ಬಡಿಯುತ್ತದೆ.

ಇನ್ನು ಆ ಹುಡುಗ ಕೇಳಿದ ಕಟಕಟ. ಶಾಫ್ಟಿನ ಎರಡು ತುದಿಯಲ್ಲೂ ಒಂದೊಂದು ಕ್ರಾಸ್ ಜಾಯಿಂಟ್ ಇರುತ್ತದೆ. ಈ ಜಾಯಿಂಟಿಗೆ ಹದಿನಾರನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊನ ಹೆಸರೂ ಇದೆ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರೂ ಇದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಸ್ಪ್ರಿಂಗಿನ ನಿಯಮ ಹೇಳಿದ ಹುಕ್ ಇವನೇ. ಜಾಯಿಂಟು ಓರೆಯಲ್ಲೂ ತಿರುಗುತ್ತದೆ, ಆದರೆ ಒಂದೇ ವೇಗದಲ್ಲಿ ಅಲ್ಲ. ಪಿ.ಟಿ.ಓ. ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಜಾಯಿಂಟು 30 ಡಿಗ್ರಿ ಬಾಗಿದ್ದರೆ ಅದರಾಚೆಯ ದಂಡದ ವೇಗ ಒಂದೇ ಸುತ್ತಿನೊಳಗೆ 468ಕ್ಕೆ ಇಳಿದು 624ಕ್ಕೆ ಏರುತ್ತದೆ, ಅದೂ ಎರಡೆರಡು ಬಾರಿ. ಇದು ಕೊಸೈನ್ ಲೆಕ್ಕ: 540ನ್ನು 0.866ರಿಂದ ಗುಣಿಸಿದರೆ ಒಂದು, ಭಾಗಿಸಿದರೆ ಇನ್ನೊಂದು. ಸೆಕೆಂಡಿಗೆ 9 ಸುತ್ತು ಎಂದ ಮೇಲೆ ಸೆಕೆಂಡಿಗೆ 18 ಜಗ್ಗು. ಎರಡನೆಯ ಜಾಯಿಂಟು ಅಷ್ಟೇ ಕೋನದಲ್ಲಿ ಬಾಗಿದ್ದು, ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರಕ್ಕಿದ್ದರೆ ಈ ಏರಿಳಿತವನ್ನು ಅದು ಅಳಿಸಿಬಿಡುತ್ತದೆ. ರೋಟವೇಟರನ್ನು ಎತ್ತಿದಾಗ ಅದು ತುಸು ಓರೆಯಾಗುವುದರಿಂದ ಎರಡು ಕೋನಗಳು ಸಮನಾಗಿ ಉಳಿಯುವುದಿಲ್ಲ. ಅಳಿಯದೆ ಉಳಿದ ಜಗ್ಗು ಸದ್ದಾಗಿ ಕೇಳಿಸುತ್ತದೆ. ಬದು ದಾಟುವ ಮೊದಲು ಪಿ.ಟಿ.ಓ. ಬಿಡಿಸಿದರೆ ಸದ್ದೂ ಇಲ್ಲ, ಕ್ರಾಸ್ ಮುರಿಯುವುದೂ ಇಲ್ಲ. ಅವಸರದ ಹಂಗಾಮಿನಲ್ಲಿ ಬಿಡಿಸುವವರು ಕಡಿಮೆ, ಅಷ್ಟೆ. ಕವಲುಗಳ ವಿಷಯ ಜೀಪಿಗೂ ಅನ್ವಯಿಸುತ್ತದೆ. ಜಾರುವ ತುಂಡನ್ನು ಬಿಚ್ಚಿ ಮತ್ತೆ ಸೇರಿಸುವಾಗ ಒಂದು ಹಲ್ಲು ತಪ್ಪಿದರೂ ನಡುಕ ಶುರು. ಅದಕ್ಕೇ ಹಲವು ಶಾಫ್ಟುಗಳ ಮೇಲೆ ಬಾಣದ ಗುರುತು ಇರುತ್ತದೆ. ಲೇತಿನವರು ಕೊಳವೆ ಸೇರಿಸಿ ಉದ್ದ ಮಾಡಿಕೊಟ್ಟ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ರಸ್ತೆಗೆ ಇಳಿಸಬಾರದು.

ಟ್ರ್ಯಾಕ್ಟರಿನ ಶಾಫ್ಟಿಗೆ ಬರೀ ಕಾಗದದ ಲೆಕ್ಕ ಸಾಲದು. ಎತ್ತುವ ತೋಳುಗಳು ನೇರವಾಗಿ ಏರದೆ ಕಮಾನಿನಂತೆ ಬಾಗಿ ಏರುತ್ತವೆ. ಅಳತೆ ಹೊಲದಲ್ಲೇ ಆಗಬೇಕು. ಶಾಫ್ಟನ್ನು ಬಿಚ್ಚಿಟ್ಟು, ರೋಟವೇಟರನ್ನು ಮೆಲ್ಲಗೆ ಏರಿಸಿ ಇಳಿಸಿ, ಎರಡು ತುದಿಗಳು ಅತಿ ಹತ್ತಿರ ಬರುವ ಜಾಗವನ್ನು ಗುರುತಿಸಬೇಕು. ಅಲ್ಲಿ ನಿಲ್ಲಿಸಿ, ಅಡಿಗೆ ಮರದ ದಿಮ್ಮಿ ಕೊಟ್ಟು, ಎಂಜಿನ್ ಬಂದ್ ಮಾಡಿ, ಅರ್ಧ ಶಾಫ್ಟನ್ನು ಟ್ರ್ಯಾಕ್ಟರಿಗೂ ಉಳಿದರ್ಧವನ್ನು ರೋಟವೇಟರಿಗೂ ಸಿಕ್ಕಿಸಿ ಪಕ್ಕಪಕ್ಕ ಹಿಡಿಯಬೇಕು. ಒಂದರ ತುದಿ ಇನ್ನೊಂದರ ಬುಡ ಮುಟ್ಟದೆ ಮೂರು ನಾಲ್ಕು ಸೆಂ.ಮೀ. ಬಿಡುವು ಉಳಿದರೆ ಸರಿ. ಯಂತ್ರದ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದೇ ಪ್ರಮಾಣ. ಬಿಡುವು ಇಲ್ಲದಿದ್ದರೆ ಹೆಚ್ಚಿನದನ್ನು ಕತ್ತರಿಸಬೇಕು. ಒಳಕೊಳವೆ, ಹೊರಕೊಳವೆ, ಅವುಗಳ ಮೇಲಿನ ಎರಡು ಪ್ಲಾಸ್ಟಿಕ್ ಕವಚ, ಈ ನಾಲ್ಕರಿಂದಲೂ ಒಂದೇ ಅಳತೆಯ ತುಂಡು ಹೋಗಬೇಕು. ಅಂಚನ್ನು ಅರದಿಂದ ಉಜ್ಜಿ, ಗ್ರೀಸ್ ಹಚ್ಚಿ ಸೇರಿಸಿದ ಮೇಲೆ ತುದಿಗಳು ಅತಿ ದೂರ ಹೋಗುವ ಜಾಗಕ್ಕೂ ಒಯ್ದು ನೋಡಬೇಕು. ಅಲ್ಲಿಯೂ ಕೊಳವೆಯ ಮೂರನೆಯ ಒಂದು ಭಾಗವಾದರೂ ಒಳಗೇ ಇರಬೇಕು. ಅಷ್ಟಿಲ್ಲದಿದ್ದರೆ ಆ ಶಾಫ್ಟು ಆ ಜೋಡಿಗೆ ಅಲ್ಲ. ಎರವಲು ಕೊಟ್ಟವರಿಗೆ ಹಿಂತಿರುಗಿಸುವುದೇ ಸರಿ.

ಈ ಕೆಲಸವನ್ನು ಚೊಕ್ಕವಾಗಿ ಮಾಡುವ ಕೈಗಳಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸಕ್ಕೆ ಬರವಿಲ್ಲ. ಐ.ಟಿ.ಐ.ಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ಕೋರ್ಸೇ ಇದೆ. ಇನ್ನೂ ಓದುವ ಮನಸ್ಸಿದ್ದವರಿಗೆ ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಮಗ ಲೆಕ್ಕದಲ್ಲಿ ಜಾಣ, ಆದ್ದರಿಂದ ಕಂಪ್ಯೂಟರಿಗೇ ಸೇರಿಸಬೇಕು ಎನ್ನುವ ಪಾಲಕರು ಕರ್ಣದ ಲೆಕ್ಕ ಟ್ರ್ಯಾಕ್ಟರಿನ ಹಿಂದೆಯೂ ಇದೆಯೆಂಬುದನ್ನು ಒಮ್ಮೆ ನೋಡಲಿ.

ಆ ಪ್ಲಾಸ್ಟಿಕ್ ಕವಚವನ್ನು ಗ್ರೀಸ್ ಹಾಕಲು ಅಡ್ಡಿಯೆಂದು ಕಿತ್ತೆಸೆಯುವುದು ಎಲ್ಲೆಡೆಯ ರೂಢಿ. ಶಾಫ್ಟಿನ ಸುತ್ತಳತೆ 20 ಸೆಂ.ಮೀ. ಎಂದಿಟ್ಟುಕೊಂಡರೂ ಸೆಕೆಂಡಿಗೆ 9 ಸುತ್ತಿನಲ್ಲಿ 180 ಸೆಂ.ಮೀ. ಬಟ್ಟೆಯನ್ನು ಅದು ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲಿಗೆ, ಹುಡುಗಿಯರ ಓಢಣಿಗೆ, ಅಜ್ಜನ ಧೋತರದ ಚುಂಗಿಗೆ ಒಂದು ಸೆಕೆಂಡು ಸಾಕು. ಕೂಗುವಷ್ಟು ಹೊತ್ತೂ ಸಿಗುವುದಿಲ್ಲ. ರಾಶಿಯ ಕಣದಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಟ್ರ್ಯಾಕ್ಟರ್ ನಿಂತಲ್ಲೇ ನಿಂತಿರುತ್ತದೆ, ಶಾಫ್ಟು ಮಾತ್ರ ತಿರುಗುತ್ತಿರುತ್ತದೆ, ಮಕ್ಕಳು ಅದನ್ನು ದಾಟಿಕೊಂಡೇ ಆಚೆಗೆ ಈಚೆಗೆ ಓಡಾಡುತ್ತಾರೆ. ಕವಚ ಒಡೆದಿದ್ದರೆ ಹೊಸದು ಹಾಕಿಸುವವರೆಗೆ ಮಷಿನ್ ಹೂಡಬಾರದು. ಬುತ್ತಿ ತಂದವರು ಟ್ರ್ಯಾಕ್ಟರಿನ ಮುಂದಿನಿಂದ, ಚಾಲಕನಿಗೆ ಕಾಣುವಂತೆ ಬರಬೇಕು. ಚಾಲಕ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗಿಟ್ಟು, ಶಾಫ್ಟು ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ ಊಟಕ್ಕೆ ಇಳಿಯಬೇಕು.