ಹಾರ್ಟ್ 5 ಸತ್ತಿಲ್ಲ ಸ್ವಾಮಿ, ಕೊಲ್ಲೋಕೆ ಹೊರಟಿರೋದು ನಾವು

ಇಲ್ಲಿ ಏನಾದ್ರೂ ಬರೆದು ಎರಡು ತಿಂಗಳಾಯ್ತು. ಕೆಲಸ ಜಾಸ್ತಿ ಅನ್ನೋ ಹಳೇ ನೆಪ ಹೇಳೋಲ್ಲ, ಸೋಮಾರಿತನ ಅಷ್ಟೇ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದ್ದೀನಿ.

ಮೊನ್ನೆ ಗುರುವಾರ ಆಫೀಸಿನಲ್ಲಿ ಮುಂದಿನ ರಿಲೀಸ್ ಬಗ್ಗೆ ಮೀಟಿಂಗ್. ಕಾರ್ಖಾನೆಗಳಲ್ಲಿ ಒತ್ತಡ, ಉಷ್ಣತೆ, ನೀರಿನ ಮಟ್ಟ ಅಳೆಯೋ ಉಪಕರಣಗಳ ಜೊತೆ ಮಾತಾಡೋ ಸಾಫ್ಟ್‌ವೇರ್ ನಮ್ಮದು. ಸ್ಲೈಡಿನಲ್ಲಿ ಒಂದು ಸಾಲು: ‘ಹಾರ್ಟ್ 5 ಬೆಂಬಲ ತೆಗೆಯುವುದು’. ಯಾಕೆ ಅಂತ ಕೇಳಿದೆ. "ಅಯ್ಯೋ, 1989ರ ಪ್ರೋಟೋಕಾಲ್ ಮಾರಾಯ, ಈಗ ಯಾರು ಉಪಯೋಗಿಸ್ತಾರೆ?" ಅಂದರು. ಎಲ್ಲರೂ ನಕ್ಕರು. ನನಗಿಂತ ವಯಸ್ಸಾದ ಪ್ರೋಟೋಕಾಲ್ ಅನ್ನೋದು ನಿಜ. ಆದರೆ ನಕ್ಕವರಲ್ಲಿ ಎಷ್ಟು ಜನ ಕಾರ್ಖಾನೆಯೊಳಗೆ ಒಂದು ರಾತ್ರಿ ಕಳೆದಿದ್ದಾರೆ ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ಅಲ್ಲಿ ಬಾಯಿ ಬರಲಿಲ್ಲ, ಇಲ್ಲಿ ಬರೀತಿದ್ದೀನಿ.

ಈ ಕ್ಷೇತ್ರದವರಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕಾರ್ಖಾನೆಯ ಒಂದು ಟ್ರಾನ್ಸ್‌ಮಿಟರ್‌ಗೆ ಹೆಚ್ಚಾಗಿ ಇರೋದು ಎರಡೇ ತಂತಿ. ಅದರಲ್ಲೇ ಅದಕ್ಕೆ ಕರೆಂಟು, ಅದರಲ್ಲೇ ಅಳತೆ. ಟ್ಯಾಂಕು ಖಾಲಿ ಇದ್ದರೆ 4 ಮಿಲಿ ಆಂಪಿಯರ್, ತುಂಬಿದ್ದರೆ 20. ಸೊನ್ನೆಯಿಂದ ಯಾಕೆ ಶುರುವಾಗಲ್ಲ? ತಂತಿ ತುಂಡಾದರೂ ಸೊನ್ನೆಯೇ ಬರುತ್ತೆ. ಖಾಲಿ ಟ್ಯಾಂಕಿಗೂ ತುಂಡಾದ ತಂತಿಗೂ ವ್ಯತ್ಯಾಸ ಗೊತ್ತಾಗಬೇಕಲ್ಲ. 1980ರ ದಶಕದ ಮಧ್ಯದಲ್ಲಿ ಅಮೆರಿಕದ ರೋಸ್‌ಮೌಂಟ್‌ನವರು ಇದೇ ತಂತಿಯ ಮೇಲೆ ಡಿಜಿಟಲ್ ಮಾತನ್ನೂ ಕೂರಿಸಿದರು. ಹಳೇ ಟೆಲಿಫೋನ್ ಮೋಡೆಮ್‌ಗಳ ಬೆಲ್ 202 ವಿಧಾನ: 1 ಹೇಳಬೇಕಾದರೆ 1200 ಹರ್ಟ್ಸ್ ಅಲೆ, 0 ಹೇಳಬೇಕಾದರೆ 2200. ಅಲೆ ಅರ್ಧ ಮಿಲಿ ಆಂಪಿಯರ್ ಮೇಲೆ ಹೋಗಿ ಅರ್ಧ ಕೆಳಗೆ ಬರುತ್ತೆ, ಸರಾಸರಿ ಸೊನ್ನೆ. ಹಾಗಾಗಿ ಕೆಳಗೆ ಹರೀತಿರೋ ಅಳತೆ ಅಲುಗಾಡೋದೇ ಇಲ್ಲ. ಮೊದಲ ಸಲ ಆಸಿಲೋಸ್ಕೋಪಿನಲ್ಲಿ ನೋಡಿದಾಗ ನಾನಂತೂ ಐದು ನಿಮಿಷ ಸುಮ್ಮನೆ ನಿಂತುಬಿಟ್ಟಿದ್ದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದಾಗ ಇಂಥದ್ದೊಂದು ಇದೆ ಅಂತ ಯಾರೂ ಹೇಳಿರಲಿಲ್ಲ.

ಇದೇ ಹಾರ್ಟ್. ಪೂರ್ತಿ ಹೆಸರು ಹೈವೇ ಅಡ್ರೆಸೆಬಲ್ ರಿಮೋಟ್ ಟ್ರಾನ್ಸ್‌ಡ್ಯೂಸರ್. ಸಂಕ್ಷಿಪ್ತ ಹೆಸರನ್ನು ಮೊದಲು ಇಟ್ಟುಕೊಂಡು ಆಮೇಲೆ ಪದ ಹುಡುಕಿದರೇನೋ ಅಂತ ನನ್ನ ಗುಮಾನಿ :-) ಅದನ್ನು ಅವರು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟರು, 1993ರಲ್ಲಿ ನೋಡಿಕೊಳ್ಳೋಕೆ ಒಂದು ಫೌಂಡೇಶನ್ ಆಯ್ತು. ಆವೃತ್ತಿ 5 ಬಂದಿದ್ದು 1989ರಲ್ಲಿ, 6 ಬಂದಿದ್ದು 2001ರಲ್ಲಿ, ವೈರ್‌ಲೆಸ್ ಕೂಡ ಸೇರಿಸಿಕೊಂಡ 7 ಬಂದಿದ್ದು 2007ರಲ್ಲಿ.

ಈ ಮೂರರ ನಡುವೆ ಏನು ಬದಲಾಯ್ತು ಅನ್ನೋದಕ್ಕಿಂತ ಏನು ಬದಲಾಗಲಿಲ್ಲ ಅನ್ನೋದನ್ನ ನೋಡಿ. ‘ನೀನ್ಯಾರಪ್ಪಾ?’ ಅಂತ ಕೇಳೋ ಕಮಾಂಡ್ 0 ಇದೆ. ಐದರಲ್ಲಿ ಅದಕ್ಕೆ 12 ಬೈಟ್ ಉತ್ತರ: ಯಾವ ಕಂಪನಿ, ಯಾವ ಜಾತಿಯ ಉಪಕರಣ, ಯಾವ ಆವೃತ್ತಿ, ಯಾವ ಕ್ರಮಸಂಖ್ಯೆ. ಆರು, ಏಳರಲ್ಲಿ ಹೊಸ ಮಾಹಿತಿ ಬಂದಾಗ ಅದನ್ನು ಬಾಲಕ್ಕೆ ಸೇರಿಸಿದರು, ಮೊದಲ ಹನ್ನೆರಡರ ಜಾಗ ಕದಲಿಸಲಿಲ್ಲ. ಕಂಪನಿಗಳ ಸಂಖ್ಯೆ ಬೆಳೆದು ಒಂದು ಬೈಟು ಸಾಲದಾದಾಗಲೂ, ಇದ್ದ ಎರಡು ಬೈಟುಗಳ ಅರ್ಥವನ್ನೇ ಒಟ್ಟಿಗೆ ಸೇರಿಸಿ ಹಿಗ್ಗಿಸಿದರು. ಐದರಲ್ಲಿ ಉಪಕರಣದ ಟ್ಯಾಗ್ ಎಂಟೇ ಅಕ್ಷರ, ಅದೂ ಅಕ್ಷರಕ್ಕೆ ಆರು ಬಿಟ್‌ನಂತೆ ಹಿಂಡಿ ಆರು ಬೈಟಿಗೆ ತುರುಕಿದ್ದು. ಆರರಲ್ಲಿ 32 ಅಕ್ಷರದ ಉದ್ದ ಟ್ಯಾಗ್ ಬಂತು, ಆದರೆ ಹಳೇ ಎಂಟಕ್ಷರವನ್ನ ಯಾರೂ ಕಿತ್ತು ಹಾಕಲಿಲ್ಲ. ನಾವು ಸಾಫ್ಟ್‌ವೇರ್‌ನವರು ವರ್ಷಕ್ಕೆರಡು ಸಲ ಎಪಿಐ ಮುರಿದು ‘ಮೈಗ್ರೇಶನ್ ಗೈಡ್’ ಅಂತ ಒಂದು ಪುಟ ಬಿಸಾಕ್ತೀವಲ್ಲ, ಅವರು ಹಾಗೆ ಮಾಡಲಿಲ್ಲ.

ಹಾಗಾದ್ರೆ ತೊಂದರೆ ಎಲ್ಲಿ? ಕಳೆದ ಹಂಗಾಮಿನ ಒಂದು ರಾತ್ರಿ ಹೇಳ್ತೀನಿ.

ಬೆಳಗಾವಿ ಕಡೆ ಒಂದು ಸಕ್ಕರೆ ಕಾರ್ಖಾನೆ. ಕಂಟ್ರೋಲ್ ರೂಮಿನಲ್ಲಿ ನಮ್ಮ ಸಾಫ್ಟ್‌ವೇರ್ ಹಾಕೋಕೆ ಹೋಗಿದ್ದೆ. ರಾತ್ರಿ ಹನ್ನೊಂದಕ್ಕೆ ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ಅಳೆಯೋ ಟ್ರಾನ್ಸ್‌ಮಿಟರ್ ಕೆಟ್ಟಿತು. ಸ್ಟೋರಿನಲ್ಲಿ ಹೊಸದೊಂದಿತ್ತು, ಅದೇ ಕಂಪನಿ, ಅದೇ ಮಾಡೆಲ್, ಆದರೆ ಹಾರ್ಟ್ 7. ಅಲ್ಲಿನ ಇನ್‌ಸ್ಟ್ರುಮೆಂಟ್ ವಿಭಾಗದ ಹಿರಿಯರೊಬ್ಬರು, ಎಲ್ಲರೂ ಅವರನ್ನ ಕಾಕಾ ಅಂತಿದ್ದರು, ಅರ್ಧ ಗಂಟೆಯಲ್ಲಿ ಅದನ್ನ ಕೂರಿಸಿ ಹ್ಯಾಂಡ್‌ಹೆಲ್ಡ್ ಸಿಕ್ಕಿಸಿದರು. "ಸರ್ರ, ಇದು ಗುರ್ತ ಹಿಡೀವಲ್ದು ನೋಡ್ರಿ" ಅಂದರು.

ಯಾಕೆ ಅಂದರೆ, ಹಾರ್ಟ್‌ನಲ್ಲಿ ಎಲ್ಲ ಉಪಕರಣಗಳಿಗೂ ಸಮಾನವಾದ ಕಮಾಂಡುಗಳ ಜೊತೆಗೆ ಆಯಾ ಉಪಕರಣಕ್ಕೇ ಸೀಮಿತವಾದವೂ ಇರುತ್ತವೆ. ಅವುಗಳ ವಿವರ ಇರೋದು ಡಿಡಿ ಅನ್ನೋ ಒಂದು ಕಡತದಲ್ಲಿ. ಆ ಕಡತ ಹ್ಯಾಂಡ್‌ಹೆಲ್ಡಿನೊಳಗೆ ಇಲ್ಲ ಅಂದರೆ ಒಂದು ಸಾಮಾನ್ಯ ಮೆನು ಮಾತ್ರ ತೆರೆಯುತ್ತೆ. ಅಳತೆ ಕಾಣುತ್ತೆ, ರೇಂಜ್ ಬದಲಿಸಬಹುದು, ಹೆಚ್ಚೇನಿಲ್ಲ. ಆ ಕಾರ್ಖಾನೆಯ ಹ್ಯಾಂಡ್‌ಹೆಲ್ಡಿನ ಅಪ್‌ಡೇಟ್ ಚಂದಾ ಮುಗಿದು ಮೂರು ವರ್ಷ ಆಗಿತ್ತು.

ರೇಂಜ್ ಹಾಕಿದ್ವಿ. ಆದರೆ ಕಾಕಾ ಬಾಯ್ಲರ್ ಹಚ್ಚೋಕೆ ಬಿಡಲಿಲ್ಲ. ಅವರ ಪ್ರಶ್ನೆ ಒಂದೇ: ಇದು ಒಳಗೆ ಕೆಟ್ಟರೆ ಕರೆಂಟು ಕೆಳಗೆ ಇಳಿಯುತ್ತೋ, ಮೇಲೆ ಏರುತ್ತೋ? 3.6ಕ್ಕಿಂತ ಕೆಳಗಾದರೆ ಕಂಟ್ರೋಲರ್ ನೀರಿಲ್ಲ ಅಂದುಕೊಂಡು ನೀರು ಬಿಡುತ್ತೆ. 21ರ ಮೇಲೆ ಹೋದರೆ? ಅದು ಕೆಟ್ಟ ಸಿಗ್ನಲ್ ಅಂತ ಗುರುತಿಸೋ ತರ್ಕ ಕಂಟ್ರೋಲರಿನಲ್ಲಿ ಬರೆದಿಲ್ಲದಿದ್ದರೆ, ಡ್ರಮ್ಮು ತುಂಬಿದೆ ಅಂತ ನೀರು ನಿಲ್ಲಿಸುತ್ತೆ. ಕೆಳಗೆ ಬೆಂಕಿ, ಒಳಗೆ ನೀರಿಲ್ಲ, ಟ್ಯೂಬುಗಳು ಸುಟ್ಟು ಹೋಗುತ್ತವೆ. ಪಕ್ಕದಲ್ಲಿ ನಿಂತವರ ಗತಿ ಹೇಳೋದು ಬೇಡ. ಆ ಉಪಕರಣದಲ್ಲಿ ಆ ಸೆಟ್ಟಿಂಗ್ ಇದ್ದಿದ್ದು ಡಿಡಿ ಇದ್ದರೆ ಮಾತ್ರ ತೆರೆಯೋ ಮೆನುವಿನೊಳಗೆ.

ಹೊರಗೆ ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬಾಯ್ಲರ್ ನಿಂತರೆ ಗಿರಣಿ ನಿಂತಿತು, ಕಡಿದ ಕಬ್ಬು ಒಣಗ್ತಾ ಹೋದಂತೆ ತೂಕವೂ ಇಳಿಯುತ್ತೆ, ಸಕ್ಕರೆಯೂ ಇಳಿಯುತ್ತೆ. ರೈತರು ಟ್ರೇಲರಿನ ಕೆಳಗೆ ಚಾದರ ಹೊದ್ದು ಮಲಗಿದ್ದರು. ಪಾಳಿ ಯಾಕೆ ಮುಂದೆ ಹೋಗ್ತಿಲ್ಲ ಅಂತ ಅವರಿಗೆ ಯಾರು ಹೇಳಬೇಕು? ‘ಡಿಡಿ ಫೈಲ್ ಇಲ್ಲ’ ಅಂತಲಾ?

ನಮ್ಮ ಸಾಫ್ಟ್‌ವೇರಿನಲ್ಲೂ ಆ ಕಡತ ಇರಲಿಲ್ಲ. ಇದನ್ನ ಒಪ್ಪಿಕೊಳ್ಳಲೇಬೇಕು. ಫೋನಿನಲ್ಲಿ ಆ ಉಪಕರಣದ ಕೈಪಿಡಿ ಇಳಿಸಿಕೊಂಡು ಓದ್ತಾ ಕೂತೆ. ಬೆಳಗಿನ ಜಾವ ಮೂರೂವರೆಗೆ ಸಿಕ್ಕಿತು. ಉಪಕರಣದಲ್ಲಿ ‘ಮೆಸೇಜ್’ ಅಂತ ಒಂದು ಜಾಗ ಇರುತ್ತೆ, 32 ಅಕ್ಷರ, ತಂತ್ರಜ್ಞರು ಏನಾದರೂ ಟಿಪ್ಪಣಿ ಬರೆದಿಡೋಕೆ. ಸಾಮಾನ್ಯ ಮೆನುವಿನಲ್ಲೂ ಅದು ತೆರೆಯುತ್ತೆ. ಅದರಲ್ಲಿ ಇಂಗ್ಲಿಷಿನಲ್ಲಿ ‘ಹಾರ್ಟ್5’ ಅಂತ ಬರೆದರೆ ಉಪಕರಣ ಏಳನೇ ಆವೃತ್ತಿಯಿಂದ ಐದಕ್ಕೆ ಇಳಿಯುತ್ತೆ! ನಾನೇನೂ ಕಥೆ ಕಟ್ತಿಲ್ಲ, ಈ ಸೌಲಭ್ಯ ಇರೋ ಉಪಕರಣಗಳು ನಿಜವಾಗಲೂ ಇವೆ. ಬರೆದೆವು. ಇಳಿಯಿತು. ಐದರ ಡಿಡಿ ಹಳೇ ಹ್ಯಾಂಡ್‌ಹೆಲ್ಡಿನಲ್ಲಿ ಇತ್ತು, ಪೂರ್ತಿ ಮೆನು ತೆರೆಯಿತು. ಸೆಟ್ಟಿಂಗ್ ನೋಡಿದರೆ... ಮೇಲೆ ಏರೋ ಕಡೆಗೇ ಇತ್ತು.

ಕಾಕಾ ಅದನ್ನ ತಿರುಗಿಸಿದರು. ಆಮೇಲೆ ಅಂದಿದ್ದು ಇಷ್ಟು: "ಇಷ್ಟ ಬರದ್ರ ಆಗತಿತ್ತನ? ಇದನ್ನ ಡಬ್ಬಿ ಮ್ಯಾಲೆ ಬರೀಲಿಕ್ಕೆ ಏನ ಧಾಡಿ ಬಂದಿತ್ತರೀ ಅವ್ರಿಗೆ?"

ಈಗ ಗುರುವಾರದ ಸ್ಲೈಡಿಗೆ ಬನ್ನಿ. ಆ ರಾತ್ರಿ ನಮ್ಮನ್ನ ಕಾಪಾಡಿದ್ದು ಯಾರು? ಎಲ್ಲರೂ ನಕ್ಕ ಆ 1989ರ ಆವೃತ್ತಿ. ಹೊಸ ಉಪಕರಣ ಮಾಡಿದವರಿಗೆ ಗೊತ್ತಿತ್ತು, ಹಳೇ ಹೋಸ್ಟುಗಳು ಎಲ್ಲ ಕಡೆ ಇರುತ್ತವೆ ಅಂತ. ಅದಕ್ಕೇ ಹಿಂದಿನ ಬಾಗಿಲು ತೆರೆದಿಟ್ಟಿದ್ದರು. ಈಗ ಆ ಬಾಗಿಲಿಗೆ ನಮ್ಮ ಕಡೆಯಿಂದ ಬೀಗ ಹಾಕೋಣ ಅನ್ನೋದು ಪ್ರಸ್ತಾಪ. ಟ್ರಾನ್ಸ್‌ಮಿಟರ್ ಮೊಬೈಲ್ ಅಲ್ಲ, ಎರಡು ವರ್ಷಕ್ಕೊಮ್ಮೆ ಬದಲಿಸೋಕೆ. ಹದಿನೈದು, ಇಪ್ಪತ್ತು ವರ್ಷ ಬಿಸಿಲು ಮಳೆಯಲ್ಲಿ ಕೂತಿರುತ್ತೆ. ನಮ್ಮ ಹೊಸ ರಿಲೀಸ್ ಹಾಕಿದ ದಿನ ಆ ಉಪಕರಣಗಳು ಪರದೆ ಮೇಲಿಂದ ಮಾಯ ಆಗುತ್ತವೆ. ಅಳತೆ ಬರ್ತಾ ಇರುತ್ತೆ, 4ರಿಂದ 20ಕ್ಕೆ ಯಾರ ಅಪ್ಪಣೆಯೂ ಬೇಡ, ಆದರೆ ಒಳಗೆ ಅದಕ್ಕೆ ಏನಾಗಿದೆ ಅಂತ ಕೇಳೋರು ಇರಲ್ಲ.

"ಹಾಗಾದ್ರೆ ಐದರಲ್ಲೇ ಕೊಳೀಬೇಕಾ?" ಅಂತ ಕೇಳಬೇಡಿ. ಐದಕ್ಕೆ ಮಿತಿಗಳಿವೆ. ಒಂದೇ ತಂತಿಗೆ ಹಲವು ಉಪಕರಣ ಸಿಕ್ಕಿಸಿದರೆ ವಿಳಾಸ 15ಕ್ಕೇ ಮುಗಿಯುತ್ತೆ. ಅಳತೆಯ ಜೊತೆ ಸಮಯದ ಮುದ್ರೆ ಇಲ್ಲ, ಅದು ಏಳರಲ್ಲಿ ಬಂತು. ಹೊಸದು ಬರಲಿ. 2021ರಲ್ಲಿ ಈಥರ್ನೆಟ್-ಎಪಿಎಲ್ ಬಂತು: ಅದೇ ಥರ ಎರಡು ತಂತಿ, ಸೆಕೆಂಡಿಗೆ ಒಂದು ಕೋಟಿ ಬಿಟ್. ಹಾರ್ಟ್ 1200. ಎಂಟು ಸಾವಿರ ಪಟ್ಟು ವೇಗ, ನನಗೂ ಆಸೆ ಇದೆ. ಆದರೆ ಆ ರಾತ್ರಿ ನಮಗೆ ಬೇಕಿದ್ದಿದ್ದು ವೇಗ ಅಲ್ಲ, ಒಂದು ಕಡತ. ಅದಿಲ್ಲದಿದ್ದರೆ ಎಂಟು ಸಾವಿರ ಪಟ್ಟು ವೇಗದಲ್ಲಿ ‘ಗುರ್ತ ಹಿಡೀವಲ್ದು’ ಅಂತಲೇ ಬರುತ್ತೆ.

ಡಿಡಿ ಸಾಲದು ಅಂತ ಡಿಟಿಎಂ ಬಂತು, ಎರಡನ್ನೂ ಒಂದು ಮಾಡ್ತೀವಿ ಅಂತ ಎಫ್‌ಡಿಐ ಬಂತು. ಫೀಲ್ಡ್‌ಬಸ್ ಜಗಳ ಇನ್ನೂ ಮಜಾ: ವರ್ಷಗಟ್ಟಲೆ ಕಿತ್ತಾಡಿ ಕೊನೆಗೆ ಐಇಸಿ 61158 ಅನ್ನೋ ‘ಒಂದು’ ಮಾನದಂಡದೊಳಗೆ ಒಂದಕ್ಕೊಂದು ಮಾತಾಡದ ಎಂಟು ಪದ್ಧತಿ ಕೂರಿಸಿದರು. ಹೊಸ ಹೆಸರು ಬಂದಾಗೆಲ್ಲ ಕಾಕಾನಂಥವರ ಕೈಯಲ್ಲಿ ಇನ್ನೊಂದು ಕಡತ ಕಮ್ಮಿ. ಐಓ-ಲಿಂಕ್‌ನವರನ್ನ ನೋಡಿ, ಉಪಕರಣಗಳ ವಿವರ ಕಡತಗಳಿಗೆ ಎಲ್ಲರೂ ಹುಡುಕಬಹುದಾದ ಒಂದು ಸಾಮಾನ್ಯ ಜಾಲತಾಣ ಇಟ್ಟಿದ್ದಾರೆ. ಉಪಕರಣ ಮಾರಿ ದುಡ್ಡು ತಗೊಂಡ ಮೇಲೆ ಅದರ ಜೊತೆ ಮಾತಾಡೋ ಭಾಷೆಗೆ ಬೇರೆ ಚಂದಾ ಯಾಕೆ ಕಟ್ಟಬೇಕು? ಬೀಗ ಮಾರಿ, ಕೀಲಿಕೈಗೆ ವರ್ಷಕ್ಕಿಷ್ಟು ಬಾಡಿಗೆ ಅಂದ ಹಾಗಾಯ್ತು.

ಹಾರ್ಟ್ 5ರ ಕೋಡ್ ನಮ್ಮಲ್ಲಿ ಇರೋದು ಮೂರು ಫೈಲು. ಪರೀಕ್ಷೆ ಮಾಡೋಕೆ ಹಳೇ ಉಪಕರಣ ಇಟ್ಟುಕೊಳ್ಳಬೇಕು, ಜಾಗ ತಿನ್ನುತ್ತೆ, ಹೊಸಬರಿಗೆ ಹೇಳಿಕೊಡಬೇಕು, ಎಲ್ಲ ನಿಜ. ಆ ಮೂರು ಫೈಲಿಗೆ ಮಾಲೀಕ ನಾನು ಆಗ್ತೀನಿ ಅಂತ ನಿನ್ನೆ ರಾತ್ರಿ ಮೇಲ್ ಹಾಕಿದ್ದೀನಿ. ಜೊತೆಗೆ ಇನ್ನೊಂದು ಟಿಕೆಟ್ ತೆರೆದಿದ್ದೀನಿ: ಡಿಡಿ ಸಿಗದಿದ್ದಾಗ ನಮ್ಮ ಪರದೆ ಮೇಲೆ ಬರೋ ‘ಅಪರಿಚಿತ ಉಪಕರಣ’ ಅನ್ನೋ ಸಾಲು ತೆಗೆದು, ಕಮಾಂಡ್ 0 ಕೊಟ್ಟ ಕಂಪನಿ, ಜಾತಿ, ಆವೃತ್ತಿ ಎಲ್ಲ ತೋರಿಸಿ, ಯಾವ ಕಡತ ಬೇಕು ಅಂತ ಸ್ಪಷ್ಟವಾಗಿ ಬರೆಯೋದು. ಉಪಕರಣ ತನ್ನ ಹೆಸರು ಹೇಳಿಯೇ ಇರುತ್ತೆ, ಅಪರಿಚಿತ ಅಂತ ಕರೆಯೋದು ನಾವು.

ಸೋಮವಾರ ಮತ್ತೆ ಮೀಟಿಂಗ್. ಓದುಗರಲ್ಲಿ ಯಾರಾದರೂ ಕಾರ್ಖಾನೆ, ನೀರು ಸರಬರಾಜು, ವಿದ್ಯುತ್ ಸ್ಥಾವರ ಕಡೆ ಕೆಲಸ ಮಾಡ್ತಿದ್ದರೆ, ನಿಮ್ಮಲ್ಲಿ ಹಾರ್ಟ್ 5ರ ಉಪಕರಣಗಳು ಎಷ್ಟಿವೆ ಅಂತ ಕೆಳಗೆ ಕಾಮೆಂಟಿನಲ್ಲಿ ಬರೀರಿ. ಕಂಪನಿ ಹೆಸರು ಬೇಡ, ಸಂಖ್ಯೆ ಸಾಕು. ಸ್ಲೈಡಿಗೆ ಸ್ಲೈಡಿನಲ್ಲೇ ಉತ್ತರ ಕೊಡಬೇಕಿದೆ.