ಚಿಕ್ಕ ಅಂಗಳಕ್ಕೊಂದು ಅಶೋಕ

ಹೊಸ ಮನೆಯ ಅಂಗಳದಲ್ಲಿ ಮರವೊಂದನ್ನು ನೆಡಬಯಸುವವರು ಸಸ್ಯಕ್ಷೇತ್ರದಲ್ಲಿ ಕೇಳುವ ಮೊದಲ ಪ್ರಶ್ನೆ, “ಇದು ಬೇಗ ಬೆಳೆಯುತ್ತದೆಯೇ?” ಎಂಬುದು. ಈ ಪ್ರಶ್ನೆಯೇ ಸರಿಯಾದುದಲ್ಲವೆಂದು ನನ್ನ ಅಭಿಪ್ರಾಯ. ಚಿಕ್ಕ ನಿವೇಶನದಲ್ಲಿ ಬೇಗ ಬೆಳೆದ ಮರ ಬೇಗನೆ ಕೊಡಲಿಗೂ ತುತ್ತಾಗುವುದು. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರನ್ನು ನೋಡಿರಿ. ಕೆಲವೇ ವರ್ಷಗಳಲ್ಲಿ ಅದು ವಿದ್ಯುತ್ ತಂತಿಯನ್ನು ಮುಟ್ಟುತ್ತದೆ. ಅದರ ಪೆಳಸು ಕೊಂಬೆಗಳು ಬಿರುಗಾಳಿಗೆ ಮುರಿದು ಬೀಳುತ್ತವೆ.

ಇಂಗ್ಲೆಂಡಿನ ತೋಟಗಾರರು ಸಣ್ಣ ಕೈತೋಟಕ್ಕೆಂದು ಹಾರ್ಸ್ ಚೆಸ್ಟ್‌ನಟ್ ಕುಲದ ‘ಎರಿತ್ರೊಬ್ಲಾಸ್ಟಾಸ್’ ಎಂಬ ತಳಿಯನ್ನು ಮೆಚ್ಚುತ್ತಾರೆ. ಅದರ ಬೆಳವಣಿಗೆ ಬಲು ನಿಧಾನ. ವಸಂತದಲ್ಲಿ ಚಿಗುರು ಗುಲಾಬಿ ಬಣ್ಣದ್ದಾಗಿದ್ದು, ಕ್ರಮೇಣ ಹಳದಿಯಾಗಿ ಹಸುರಿಗೆ ತಿರುಗುವುದು. ಶೀತದೇಶದ ಆ ಮರ ನಮ್ಮ ಬಯಲುನಾಡಿಗೆ ಒಗ್ಗದು. ಆದರೆ ಅದಕ್ಕಾಗಿ ಹಂಬಲಿಸಬೇಕಾದ ಕಾರಣವೇ ಇಲ್ಲ. ನಿಧಾನದ ಬೆಳವಣಿಗೆ, ಮಿತವಾದ ಎತ್ತರ, ಬಣ್ಣದ ಚಿಗುರು, ಈ ಮೂರೂ ಗುಣಗಳುಳ್ಳ ಅಶೋಕ ನಮ್ಮ ಪಶ್ಚಿಮ ಘಟ್ಟದಲ್ಲಿಯೇ ಇದೆ.

ಅಶೋಕವೆಂದೊಡನೆ ಅನೇಕ ವಿದ್ಯಾರ್ಥಿಗಳು ಶಾಲೆಯ ಆವರಣದಲ್ಲಿ ಕಂಬದಂತೆ ನೆಟ್ಟಗೆ ನಿಂತ, ಅಲೆಯಂಚಿನ ಎಲೆಗಳ ಮರವನ್ನು ನೆನೆಯುವರು. ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೊಂದು ಮರ. ನಿಜವಾದ ಅಶೋಕ, ಅಂದರೆ ಸೀತಾಶೋಕ, ಹುಣಿಸೆಯ ಬಂಧು. ಅದರ ಎಳೆಯ ಎಲೆಗಳು ತಾಮ್ರಗೆಂಪಿನ ಗೊಂಚಲಾಗಿ ಜೋಲುಬಿದ್ದಿರುತ್ತವೆ. ಪತ್ರಹರಿತ್ತು ತಡವಾಗಿ ತುಂಬಿಕೊಳ್ಳುವುದರಿಂದ ಈ ಬಣ್ಣ. ಊರೆಕೊಡುವ ಅಂಗಾಂಶ ಇನ್ನೂ ಬಲಿತಿರದಿರುವುದರಿಂದ ಈ ಜೋಲು. ಹೂವಿಗೆ ದಳಗಳೇ ಇಲ್ಲ. ನಾವು ದಳವೆಂದು ತಿಳಿಯುವುದು ಹಳದಿಯಿಂದ ಕೆಂಪಿಗೆ ತಿರುಗುವ ಪುಷ್ಪಪತ್ರಗಳನ್ನು.

ಹಾಗೆಂದು ಎಲ್ಲೆಡೆಯೂ ಇದನ್ನೇ ನೆಡಿರೆಂದು ನಾನು ಹೇಳುವುದಿಲ್ಲ. ತೊರೆಗಳ ಬದಿಯ ನೆರಳು ತೇವಗಳಲ್ಲಿ ಬೆಳೆದ ಮರವಿದು. 1997ರಲ್ಲಿ ರಚಿತವಾದ ದಾವಣಗೆರೆ ಜಿಲ್ಲೆಯೊಂದರಲ್ಲಿಯೇ ನೆಲದ ಭೇದ ಎಷ್ಟಿದೆ! ಸೂಳೆಕೆರೆಯ ನೀರುಂಡು ಅಡಕೆ ಬೆಳೆಯುವ ಚನ್ನಗಿರಿಯ ಸೀಮೆಯಲ್ಲಿ, ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಅದರ ನೆರೆಯ ನ್ಯಾಮತಿಯಲ್ಲಿ ನೀರಿನಾಸರೆಯುಳ್ಳ ಅಂಗಳಗಳಿಗೆ ಅಶೋಕ ಒಪ್ಪುವುದು. ಮಳೆ ಕಡಮೆಯಾದ ಜಗಳೂರಿನಲ್ಲಿ ಮಾತ್ರ ಅದರ ಹಟ ಬೇಡ; ಬರವನ್ನು ತಾಳಬಲ್ಲ, ನಿಧಾನವಾಗಿಯೇ ಬೆಳೆಯುವ ಬಿಲ್ವವನ್ನು ನೆಡುವುದು ಲೇಸು.

ಅಶೋಕವನ್ನು ಅಂಗಳಕ್ಕೆ ತರಬೇಕೆನ್ನಲು ಅಂದಕ್ಕಿಂತ ಮಿಗಿಲಾದ ಕಾರಣವೊಂದಿದೆ. ಇದರ ತೊಗಟೆ ಅಶೋಕಾರಿಷ್ಟದ ಮುಖ್ಯ ದ್ರವ್ಯ. ತೊಗಟೆ ಸುಲಿಯುವ ಕೈಗೆ ಗಳಿಗೆ ಸಾಕು; ಮರ ಬೆಳೆಯಲು ವರ್ಷಗಳು ಬೇಕು. ಕಾಡಿನಲ್ಲಿ ಇದರ ಸಂಖ್ಯೆ ಕುಗ್ಗಿದುದರಿಂದ 1998ರಲ್ಲಿಯೇ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಅಂಗಳದ ಒಂದು ಮರ ಕಾಡಿನ ನಷ್ಟವನ್ನು ತುಂಬಲಾರದು, ನಿಜ. ಆದರೆ ಮರದ ಗುರುತೇ ಇಲ್ಲದ ಜನರಿಗೆ ಅದರ ಅಳಿವು ತಿಳಿಯುವುದಾದರೂ ಹೇಗೆ?

ಅಶೋಕದ ಬೀಜ ಬಹುಕಾಲ ಉಳಿಯುವುದಿಲ್ಲ; ಹೊಸದಾಗಿರುವಾಗಲೇ ಬಿತ್ತಬೇಕು. ನಿಧಾನವಾಗಿ ಬೆಳೆಯುವ ಮರವನ್ನು ನೆಡಲು ತಕ್ಕವರು ಮುಂದೆ ಬಹಳ ವರ್ಷಗಳಿರುವ ವಿದ್ಯಾರ್ಥಿಗಳೇ. ಈ ಮುಂಗಾರಿನಲ್ಲಿ ಒಂದು ಸಸಿಯನ್ನು ನೆಟ್ಟರೆ, ಅದರ ಹೂವನ್ನು ನೋಡುವ ಕಣ್ಣುಗಳು ನಿಮ್ಮವೇ ಆಗಿರುವುವು.