ಹಿಟ್ಟಿನ ಕೋಳಿಯೂ ಫೋಮಿನ ವಿಮಾನವೂ

ನಮ್ಮ ಊರಿನ ಬಸದಿಯ ಆಡಳಿತ ಸಮಿತಿಯ ಮುಂದೆ ಈಚೆಗೆ ಒಂದು ಮನವಿ ಬಂದಿತು. ಬೇಸಗೆಯ ರಜೆಯಲ್ಲಿ ಮಕ್ಕಳಿಗಾಗಿ ನಡೆಯುವ ಧಾರ್ಮಿಕ ಶಿಬಿರದ ಕೊನೆಯ ದಿನ, ಬಸದಿಯ ಹಿಂದಿರುವ ಟ್ರಸ್ಟಿನ ಬಯಲಿನಲ್ಲಿ ರೇಡಿಯೋ ನಿಯಂತ್ರಿತ ವಿಮಾನಗಳ ಕಾಳಗದ ಸ್ಪರ್ಧೆಯನ್ನು ನಡೆಸಲು ಯುವಕ ಮಂಡಲಿಗೆ ಅನುಮತಿ ಕೊಡಬೇಕು, ಗೆದ್ದವನಿಗೆ ಟ್ರಸ್ಟಿನ ಹೆಸರಿನಲ್ಲಿ ಒಂದು ಬೆಳ್ಳಿಯ ಬಟ್ಟಲನ್ನು ಕೊಡಬೇಕು ಎಂಬುದು ಅದರ ಸಾರ. ಹಿರಿಯರು ಮನವಿಯನ್ನು ಓದಿ ನಕ್ಕರು, ಒಪ್ಪಿದರು. ‘ಹುಡುಗರು ಬಸದಿಯ ಕಡೆಗೆ ತಲೆಹಾಕುವುದೇ ಅಪರೂಪ, ಈ ನೆವದಲ್ಲಾದರೂ ಬರಲಿ’ ಎಂದರು ಅಧ್ಯಕ್ಷರು. ನಾನೊಬ್ಬನೇ ಮುಂದಿನ ಸಭೆಯವರೆಗೆ ಕಾಲಾವಕಾಶ ಬೇಡಿದೆ. ಕೇಳಿ ಪಡೆದ ಆ ಅವಕಾಶಕ್ಕೆ ಉತ್ತರವಾಗಿ ಈ ಲೇಖನವನ್ನು ಸಾಧರ್ಮಿ ಬಂಧುಗಳ ಮುಂದಿಡುತ್ತಿದ್ದೇನೆ.

ಕಾಣದುದನ್ನು ಖಂಡಿಸುವುದು ಸಲ್ಲದೆಂದು ಒಂದು ಭಾನುವಾರ ಹುಡುಗರೊಡನೆ ಬಯಲಿಗೆ ಹೋದೆ. ವಿಮಾನಗಳೆಲ್ಲ ಹಗುರವಾದ ಫೋಮಿನವು; ರೆಕ್ಕೆಯ ಅಗಲ ಸುಮಾರು ಒಂದು ಮೀಟರು. ಆದರೆ ಅವು ಅಂಗಡಿಯ ಗೊಂಬೆಗಳಂತಲ್ಲ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್, ಮೆಸ್ಸರ್‌ಶ್ಮಿಟ್ ಮುಂತಾದ ಕಾಳಗದ ವಿಮಾನಗಳನ್ನು ಅಳತೆಗೆ ತಕ್ಕಂತೆ ಕಿರಿದುಗೊಳಿಸಿ, ಬಣ್ಣ, ಸಂಖ್ಯೆ, ಗುಂಡಿನ ಗುರುತುಗಳವರೆಗೆ ಮೂಲದಂತೆಯೇ ತೋರುವ ಹಾಗೆ ಮಾಡಿದವು. ಒಂದರ ಬಾಲಕ್ಕೆ ಕಾಗದದ ಉದ್ದನೆಯ ಪಟ್ಟಿಯನ್ನು ಕಟ್ಟುತ್ತಾರೆ; ಹಿಂಬಾಲಿಸಿ ಬರುವವನು ತನ್ನ ಪ್ರೊಪೆಲ್ಲರಿನಿಂದ ಅದನ್ನು ಕತ್ತರಿಸಬೇಕು. ಇನ್ನೂ ಬೆಲೆಬಾಳುವ ಏರ್ಪಾಡುಗಳಲ್ಲಿ ಕಣ್ಣಿಗೆ ಕಾಣದ ಕಿರಣವೇ ಗುಂಡು. ಅದು ತಗುಲಿದೊಡನೆ ಎದುರಾಳಿಯ ಮೋಟಾರು ಕೆಲವು ಕ್ಷಣ ತಡವರಿಸುತ್ತದೆಯಂತೆ. ಇದರಲ್ಲಿ ಹೊಸದೇನೂ ಇಲ್ಲ. ಕಾಗದದ ಪಟ್ಟಿಯ ಕಾಳಗ ಹವ್ಯಾಸಿಗಳಲ್ಲಿ ಹಳೆಯದು. ಹೊಸದೆಂದರೆ ವಿಮಾನದೊಳಗಿನ ಕ್ಯಾಮರಾ ಮತ್ತು ಹಾರಿಸುವವನ ಮುಖಕ್ಕೆ ಬಿಗಿದ ಗಾಗಲ್ಸ್. ಹುಡುಗರು ಇದನ್ನು ಎಫ್.ಪಿ.ವಿ. ಎನ್ನುತ್ತಾರೆ. ಮೊದಲು ನೆಲದ ಮೇಲೆ ನಿಂತು ಆಕಾಶದಲ್ಲಿನ ಆಟಿಕೆಯನ್ನು ನೋಡುತ್ತಿದ್ದವನು ಈಗ ಆ ಆಟಿಕೆಯೊಳಗೇ ಕುಳಿತು ನೋಡುತ್ತಾನೆ. ನನ್ನ ವಾದವೆಲ್ಲ ಈ ಒಂದು ವ್ಯತ್ಯಾಸವನ್ನು ಆಧರಿಸಿದೆ.

ಹುಡುಗನೊಬ್ಬ ತನ್ನ ಎರಡನೆಯ ಗಾಗಲ್ಸನ್ನು ನನಗೆ ತೊಡಿಸಿದ. ಮೊದಲ ಎರಡು ನಿಮಿಷಗಳ ಆನಂದವನ್ನು ಮುಚ್ಚಿಡಲಾರೆ. ಅರವತ್ತೆಂಟು ವರ್ಷಗಳಿಂದ ಕೆಳಗಿನಿಂದ ತಲೆಯೆತ್ತಿ ನೋಡಿದ ಮಾನಸ್ತಂಭವನ್ನು ಅಂದು ಮೇಲಿನಿಂದ ನೋಡಿದೆ. ಅಡಕೆಯ ತೋಟ, ಕೆರೆಯ ಏರಿ, ಬಸದಿಯ ಹಂಚಿನ ಮಾಡು ಎಲ್ಲವೂ ನನ್ನ ಕಾಲಡಿಯಲ್ಲಿ ತೇಲಿದವು. ಬಳಿಕ ಎದುರಿಗೆ ಇನ್ನೊಂದು ವಿಮಾನ ಅಡ್ಡಬಂದಿತು. ನಮ್ಮದು ತಿರುಗಿ ಅದರ ಬೆನ್ನುಹತ್ತಿತು. ಬಾಲ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ನಿಯಂತ್ರಣದ ಕಡ್ಡಿ ನನ್ನ ಕೈಯಲ್ಲಿರಲಿಲ್ಲ. ಆದರೂ ‘ಹೊಡಿ! ಬಿಡಬೇಡ, ಹೊಡಿ!’ ಎಂಬ ಕೂಗು ಕೇಳಿಸಿತು. ಅದು ನನ್ನದೇ ಧ್ವನಿಯೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಹುಡುಗರು ಚಪ್ಪಾಳೆ ತಟ್ಟಿದರು. ದಿನಕ್ಕೆರಡು ಹೊತ್ತು ಸಾಮಾಯಿಕದಲ್ಲಿ ಕೂರುವ ಮುದುಕನ ಬಾಯಿಂದ ಈ ಮಾತನ್ನು ಹೊರಡಿಸಿದ ಆಟವು ಹದಿನಾಲ್ಕು ವರ್ಷದ ಬಾಲಕನ ಅಂತರಂಗದಲ್ಲಿ ಏನನ್ನು ಬಿತ್ತೀತು?

‘ಯಾರಿಗೂ ನೋವಿಲ್ಲ, ಪ್ರಾಣಹಾನಿಯಿಲ್ಲ, ಒಡೆಯುವುದು ಫೋಮು ಮಾತ್ರ’ ಎಂಬುದು ಯುವಕರ ಸಮಾಧಾನ. ಈ ಸಮಾಧಾನವನ್ನು ನಮ್ಮ ಪರಂಪರೆ ಹಿಂದೆಯೇ ಕೇಳಿದೆ. 1209ರಲ್ಲಿ ಜನ್ನನು ಕನ್ನಡಕ್ಕೆ ತಂದ ಯಶೋಧರನ ಕಥೆಯಲ್ಲಿ ತಾಯಿ ಚಂದ್ರಮತಿ ಮಗನಿಗೆ ಹೇಳುವುದು ಇದನ್ನೇ ಅಲ್ಲವೇ? ಜೀವವುಳ್ಳ ಕೋಳಿ ಬೇಡವೆಂದರೆ ಹಿಟ್ಟಿನ ಕೋಳಿಯಾಗಲಿ, ಅದರಲ್ಲಿ ಪ್ರಾಣವೆಲ್ಲಿದೆ? ಯಶೋಧರನು ಒಪ್ಪಿದ, ಕತ್ತಿಯೆತ್ತಿದ. ಆ ಹಿಟ್ಟಿನ ಕೋಳಿಗಾಗಿ ತಾಯಿಯೂ ಮಗನೂ ನವಿಲಾಗಿ, ನಾಯಿಯಾಗಿ, ಮೀನಾಗಿ, ಆಡಾಗಿ, ಕೊನೆಗೆ ಕೋಳಿಗಳಾಗಿಯೇ ಹುಟ್ಟಿ ಸತ್ತುದನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳದೆ ಬಿಟ್ಟವರಲ್ಲ. ಒಂದು ವಿವರವನ್ನು ಮಾತ್ರ ನಾವು ಗಮನಿಸದೆ ದಾಟಿಬಿಡುತ್ತೇವೆ. ಆ ಕೋಳಿ ಹಿಟ್ಟಿನ ಮುದ್ದೆಯಾಗಿರಲಿಲ್ಲ. ಬಣ್ಣ ಬಳಿದು, ನಿಜದ ಕೋಳಿಯೆಂದೇ ತೋರುವಂತೆ ಅಂದವಾಗಿ ಮಾಡಿದ್ದರು. ಆ ಅಂದಕ್ಕೆ ಮರುಳಾಗಿ ಬೆಂತರವೊಂದು ಅದರೊಳಗೆ ಸೇರಿತು, ಕತ್ತಿ ತಗುಲಿದಾಗ ಕೂಗಿತು ಎನ್ನುತ್ತದೆ ಕಥೆ. ಮೂಲದಂತೆಯೇ ತೋರಲಿ ಎಂಬ ಹಂಬಲ, ಏಟು ತಗುಲಿದಾಗ ತಡವರಿಸುವ ಮೋಟಾರು: ಎಂಟು ನೂರು ವರ್ಷಗಳ ಬಳಿಕ ನಮ್ಮ ಹುಡುಗರು ಅದೇ ಕೋಳಿಯನ್ನು ಮತ್ತೆ ಮಾಡುತ್ತಿದ್ದಾರೆ.

ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆಯೆಂದು ನಮ್ಮ ಆಚಾರ್ಯರು ಬೇರ್ಪಡಿಸಿದರು. ಅಡುಗೆಯಲ್ಲಿ, ಉದ್ಯೋಗದಲ್ಲಿ, ಆತ್ಮರಕ್ಷಣೆಯಲ್ಲಿ ಗೃಹಸ್ಥನಿಗೆ ತಪ್ಪಿಸಲಾಗದ ಹಿಂಸೆಯುಂಟೆಂದು ಒಪ್ಪಿ, ಸಂಕಲ್ಪಹಿಂಸೆಯೊಂದನ್ನು ಮಾತ್ರ ಶ್ರಾವಕನು ಬಿಡಲೇಬೇಕೆಂದರು. ಸಮಂತಭದ್ರರು ರತ್ನಕರಂಡಕದಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ಅಪಧ್ಯಾನವೂ ಒಂದು. ಪ್ರಯೋಜನವಿಲ್ಲದೆ ಪರರ ವಧೆಯನ್ನು, ಸೋಲನ್ನು ಮನಸ್ಸಿನಲ್ಲಿ ಮೆಲುಕುಹಾಕುವುದು. ಅದೇ ಪಟ್ಟಿಯ ಹಿಂಸಾದಾನಕ್ಕೂ ಈ ಬಟ್ಟಲನ್ನು ಸೇರಿಸಬೇಕೆಂದು ಮಿತ್ರರೊಬ್ಬರು ವಾದಿಸಿದರು. ಅದು ಅತಿಯಾಯಿತು. ಫೋಮಿನ ವಿಮಾನವನ್ನು ಕತ್ತಿ ಕೊಡಲಿಗಳ ಸಾಲಿನಲ್ಲಿಡಲು ನಾನು ಸಿದ್ಧನಿಲ್ಲ. ಅಪಧ್ಯಾನವೆಂಬ ಒಂದೇ ಮಾತು ನನಗೆ ಸಾಕು.

ಆ ಬಯಲಿನಲ್ಲಿ ಮತ್ತೊಂದನ್ನೂ ಕಂಡೆ. ಬರೆಯಲು ಸಂಕೋಚ, ಬರೆಯದಿರಲೂ ಆಗದು. ನಮ್ಮವರ ಮನೆಯ ಹುಡುಗನೇ ಮಾಡಿದ ಮೆಸ್ಸರ್‌ಶ್ಮಿಟ್‌ನ ಬಾಲದ ಮೇಲೆ ಓರೆಯಾದ ಕಪ್ಪು ಸ್ವಸ್ತಿಕವಿತ್ತು. ನಾಜಿ ಜರ್ಮನಿಯ ವಿಮಾನಗಳ ಬಾಲದಲ್ಲಿ ಅದು ಇದ್ದುದು ನಿಜ. ಚಿತ್ರ ನೋಡಿ ನಿಷ್ಠೆಯಿಂದ ಬರೆದಿದ್ದ. ಸುಪಾರ್ಶ್ವನಾಥ ಸ್ವಾಮಿಯ ಲಾಂಛನ, ನಾಲ್ಕು ಗತಿಗಳ ಅಲೆದಾಟವನ್ನು ನೆನಪಿಸುವ ಗುರುತು, ಅವನ ತಾಯಿ ಪ್ರತಿ ಬೆಳಗ್ಗೆ ಪೂಜೆಯ ತಟ್ಟೆಯಲ್ಲಿ ಬಿಡಿಸುವ ಆಕೃತಿ, ಲಕ್ಷಾಂತರ ಜನರನ್ನು ಕೊಂದ ಆಳ್ವಿಕೆಯ ಮುದ್ರೆಯಾಗಿ ಮಗನ ಕೈಯಿಂದ ಮೂಡಿತ್ತು. ಕೇಳಿದರೆ, ‘ಒರಿಜಿನಲ್‌ನಲ್ಲಿ ಹಾಗೇ ಇದೆ ಅಜ್ಜ’ ಎಂದ. ಅವನನ್ನು ಬಯ್ಯಲಿಲ್ಲ. ಯಾರು ಹೇಳಿಕೊಟ್ಟಿದ್ದೆವು?

ಹೇಳಿಕೊಡಬೇಕಾದುದು ಇನ್ನೂ ಇದೆ. ಹವ್ಯಾಸಿಗಳು ಅತ್ಯಂತ ಪ್ರೀತಿಯಿಂದ ಮಾಡುವ ಮಾದರಿಗಳಲ್ಲಿ ಕೆಂಪು ಬಣ್ಣದ ಮೂರು ಜೋಡಿ ರೆಕ್ಕೆಯ ಫೋಕರ್ ಒಂದು. ಅದು ಮೊದಲನೆಯ ಮಹಾಯುದ್ಧದ ಜರ್ಮನ್ ಹಾರಾಟಗಾರ ಮಾನ್‌ಫ್ರೆಡ್ ಫಾನ್ ರಿಚ್ಟ್‌ಹೋಫೆನ್ನನದು. ಎಂಬತ್ತು ವಿಮಾನಗಳನ್ನು ಕೆಡವಿದ ಲೆಕ್ಕ ಅವನ ಹೆಸರಿನಲ್ಲಿದೆ. ಒಂದೊಂದು ಗೆಲುವಿಗೂ ಬರ್ಲಿನ್ನಿನ ಆಭರಣದ ವ್ಯಾಪಾರಿಯಿಂದ ಒಂದು ಪುಟ್ಟ ಬೆಳ್ಳಿಯ ಬಟ್ಟಲನ್ನು, ದಿನಾಂಕ ಕೆತ್ತಿಸಿ, ತರಿಸಿಕೊಳ್ಳುತ್ತಿದ್ದ. ಅರವತ್ತಕ್ಕೆ ಅದು ನಿಂತಿತು. ಪಶ್ಚಾತ್ತಾಪದಿಂದಲ್ಲ, ಯುದ್ಧಕಾಲದಲ್ಲಿ ಬೆಳ್ಳಿ ಸಿಗದೆ. 1918ರ ಏಪ್ರಿಲ್ 21ರಂದು ಗುಂಡು ತಗುಲಿ ಸತ್ತಾಗ ಅವನಿಗೆ ಇಪ್ಪತ್ತೈದು ವರ್ಷ. ಮನವಿಯಲ್ಲಿ ಬೆಳ್ಳಿಯ ಬಟ್ಟಲೆಂದು ಬರೆದ ಯುವಕನಿಗೆ ಈ ಸಂಗತಿ ತಿಳಿದಿರಲಾರದು.

ನಮ್ಮ ದೇಶದವನೂ ಆ ಆಕಾಶದಲ್ಲಿದ್ದ. ಕಲ್ಕತ್ತೆಯಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈ ತಿಂಗಳಲ್ಲಿ ಎರಡು ವಾರದೊಳಗೆ ಹತ್ತು ಗೆಲುವುಗಳನ್ನು ಪಡೆದ. ಅದೇ ತಿಂಗಳ 22ರಂದು ಫ್ರಾನ್ಸಿನ ಮೇಲೆ ಅವನ ವಿಮಾನ ಉರಿಯುತ್ತ ಬಿದ್ದಿತು. ವಯಸ್ಸು ಹತ್ತೊಂಬತ್ತು. ಬ್ರಿಟಿಷರ ಕಾಳಗದ ವಿಮಾನಗಳಲ್ಲಿ ಆಗ ಹಾರಾಟಗಾರನಿಗೆ ಪ್ಯಾರಾಷೂಟ್ ಇರಲಿಲ್ಲ. ಅವನು ಹಾರಿಸುತ್ತಿದ್ದ ಎಸ್.ಇ.5ಎ ವಿಮಾನವನ್ನೂ ಹವ್ಯಾಸಿಗಳು ಫೋಮಿನಲ್ಲಿ ಕೊರೆಯುತ್ತಾರೆ. ಕಾಗದದ ಪಟ್ಟಿ ತುಂಡಾದಾಗ ನಾವು ಕುಣಿಯುವುದು ಯಾರ ಮರಣವನ್ನು ಅನುಕರಿಸಿ ಎಂಬುದನ್ನು ಒಮ್ಮೆಯಾದರೂ ಯೋಚಿಸಬೇಡವೇ?

ಚದುರಂಗವೂ ಯುದ್ಧದ ಆಟವೇ, ಅದನ್ನೂ ನಿಲ್ಲಿಸುತ್ತೀರಾ ಎಂದು ಕೇಳುವವರಿದ್ದಾರೆ. ಚದುರಂಗದಲ್ಲಿ ಯಾರೂ ಕುದುರೆಯ ಬೆನ್ನಿನಿಂದ ನೋಡುವುದಿಲ್ಲ. ಬಿದ್ದ ಕಾಲಾಳನ್ನು ಡಬ್ಬಿಗೆ ಹಾಕುವಾಗ ಮನಸ್ಸು ಕೆರಳುವುದಿಲ್ಲ. ಭರತ ಬಾಹುಬಲಿಗಳ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮುಂದೊಡ್ಡಿದ ಜಾಣರೂ ಇದ್ದಾರೆ. ಮಂತ್ರಿಗಳು ಆ ಮೂರನ್ನು ಏರ್ಪಡಿಸಿದ್ದು ಎರಡು ಸೇನೆಗಳ ಸಂಹಾರವನ್ನು ತಪ್ಪಿಸಲು. ನಮ್ಮ ಬಯಲಿನ ಕಾಳಗವು ಯಾವ ಸೇನೆಯನ್ನು ಉಳಿಸುತ್ತದೆ? ಗೆದ್ದ ಬಾಹುಬಲಿ ಬಟ್ಟಲನ್ನು ಕೇಳಲಿಲ್ಲ, ಕಾಡಿಗೆ ನಡೆದ.

ಈ ಆಟದಿಂದ ತಾಂತ್ರಿಕ ಜ್ಞಾನ ಬೆಳೆಯುತ್ತದೆಂಬ ಮಾತನ್ನು ಅಲ್ಲಗಳೆಯಲಾರೆ. ಆ ಜ್ಞಾನದ ದಾರಿ ಎಲ್ಲಿಗೂ ಹೋಗಬಹುದೆಂಬುದನ್ನು ಮಾತ್ರ ನೆನಪಿಸುತ್ತೇನೆ. 2022ರಿಂದ ಉಕ್ರೇನಿನಲ್ಲಿ ನಡೆದ ಯುದ್ಧದಲ್ಲಿ ಹವ್ಯಾಸಿಗಳ ರೇಸಿಂಗ್ ಡ್ರೋನಿನ ಭಾಗಗಳಿಗೇ ಸಿಡಿಮದ್ದು ಕಟ್ಟಿ, ಇದೇ ಬಗೆಯ ಗಾಗಲ್ಸ್ ತೊಟ್ಟು, ಓಡುವ ಮನುಷ್ಯನ ಬೆನ್ನುಹತ್ತಿದ್ದಾರೆ. ನಮ್ಮ ಹುಡುಗರು ಹಾಗಾಗುತ್ತಾರೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಕಟ್ಟಿಕೊಳ್ಳುವ ಸಾಧನವೂ, ‘ಹೊಡಿ’ ಎನ್ನುವ ಆವೇಗವೂ ಎರಡೂ ಕಡೆ ಒಂದೇ ಎಂದಷ್ಟೇ ಹೇಳುತ್ತೇನೆ.

ದ್ರವ್ಯಹಿಂಸೆಯ ಮಾತನ್ನೂ ಪೂರ್ತಿ ಬಿಡುವಂತಿಲ್ಲ. ನಮ್ಮ ಬಯಲಂಚಿನ ಮರಗಳಲ್ಲಿ ಹದ್ದುಗಳು ಗೂಡು ಕಟ್ಟುತ್ತವೆ. ತಮ್ಮ ಎಲ್ಲೆಗೆ ಬಂದ ವಿಮಾನದ ಮೇಲೆ ಅವು ಎರಗುತ್ತವೆ. ಗಾಗಲ್ಸ್ ತೊಟ್ಟವನಿಗೆ ಎದುರಿನ ವಿಮಾನವಲ್ಲದೆ ಪಕ್ಕದಿಂದ ಬರುವ ಹಕ್ಕಿ ಕಾಣದು. ಗಾಳಿಪಟದ ಕಾಳಗವನ್ನೂ ಒಂದು ಕಾಲಕ್ಕೆ ನಿರಪಾಯವೆಂದೇ ಎಣಿಸಿದ್ದೆವು. ಕೊನೆಗೆ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ನೈಲಾನ್ ಮಾಂಜಾವನ್ನು ನಿಷೇಧಿಸಬೇಕಾಯಿತು. ದೆಹಲಿಯ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಗೆ ಕಾಣಿಕೆ ಕಳಿಸುವ ನಾವು ಇಲ್ಲಿ ಹಕ್ಕಿಗಳಿಗೆ ಅಪಾಯ ಒಡ್ಡುವುದು ಯಾವ ನ್ಯಾಯ? ಟ್ರಸ್ಟಿಗಳಿಗೆ ಇನ್ನೊಂದು ಸೂಚನೆ: 2021ರ ಡ್ರೋನ್ ನಿಯಮಗಳು ಮನರಂಜನೆಯ ಮಾದರಿ ವಿಮಾನವನ್ನು ವಿವರಿಸುವಾಗಲೇ, ಹಾರಿಸುವವನ ಕಣ್ಣಳತೆಯೊಳಗೆ ನಡೆಯುವಂಥದೆಂದು ಹೇಳುತ್ತವೆ. ಅನಾಹುತವಾದರೆ ಉತ್ತರಿಸಬೇಕಾದವರಲ್ಲಿ ಜಾಗ ಕೊಟ್ಟವರೂ ಸೇರುತ್ತಾರೆ.

ಹಾರಾಟಕ್ಕೆ ನನ್ನ ವಿರೋಧವಿಲ್ಲ. ಮಾನಸ್ತಂಭವನ್ನು ಮೇಲಿನಿಂದ ತೋರಿಸಿದ ಹುಡುಗನಿಗೆ ನಾನು ಋಣಿ. ಸಭೆಗೆ ನಾನು ಬರೆದುಕೊಟ್ಟ ಪರ್ಯಾಯವಿದು: ಹದ್ದುಗಳು ಗೂಡು ಬಿಟ್ಟ ತಿಂಗಳುಗಳಲ್ಲಿ ಬಯಲನ್ನು ಕೊಡೋಣ, ಮೋಟಾರು ನಿಲ್ಲಿಸಿ ಯಾರ ವಿಮಾನ ಹೆಚ್ಚು ಹೊತ್ತು ತೇಲುವುದೋ, ಯಾರದು ಗುರುತಿನ ಸಮೀಪ ಮೆಲ್ಲನೆ ಇಳಿಯುವುದೋ ಅವರಿಗೆ ಬಹುಮಾನವಿರಲಿ. ಗಾಗಲ್ಸ್ ಬೇಕಾದವರು ತೊಡಲಿ, ಪಕ್ಕದಲ್ಲಿ ಬರಿಗಣ್ಣಿನಿಂದ ಆಕಾಶವನ್ನು ಕಾಯುವವನೊಬ್ಬನಿರಲಿ. ಬೆನ್ನುಹತ್ತುವ ಆಟ ಬೇಡ, ಬೆಳ್ಳಿಯ ಬಟ್ಟಲು ಬೇಡ. ಸ್ವಸ್ತಿಕ ಬರೆದ ಹುಡುಗ ಬಾಲಕ್ಕೆ ಬೇರೆ ಬಣ್ಣ ಬಳಿದಿದ್ದಾನೆ, ತೇಲುವ ಸ್ಪರ್ಧೆಗೆ ಹೆಸರನ್ನೂ ಕೊಟ್ಟಿದ್ದಾನೆ. ಉಳಿದವರು ಇನ್ನೂ ಮುನಿಸಿಕೊಂಡಿದ್ದಾರೆ. ಸಮಿತಿಯ ಸಭೆ ಬರುವ ಚತುರ್ದಶಿಯ ಮರುದಿನ. ಇಂಥ ಮನವಿ ನಿಮ್ಮ ಟ್ರಸ್ಟುಗಳಿಗೂ ಬಂದಿದ್ದರೆ, ಏನು ತೀರ್ಮಾನಿಸಿದಿರೆಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಬೇಕಾಗಿ ವಿನಂತಿ.